ಕಸಿ ಕತ್ತರಿಯ ಲೆಕ್ಕ: ಕೈ ಎಷ್ಟು ಮುಚ್ಚುತ್ತದೆ, ಅಲಗು ಎಷ್ಟು ಇಳಿಯುತ್ತದೆ

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ತೀರ್ಥಹಳ್ಳಿ, ಕೊಪ್ಪದ ಕಡೆ ತೋಟಗಳಲ್ಲಿ ಗಿಡ ಕಸಿ, ಅಂದರೆ ಬೇಡದ ಕವಲು ಸವರುವ ಕೆಲಸ, ಶುರುವಾಗುತ್ತದೆ. ಒಣಗಿದ ರೆಕ್ಕೆ (ಅಡ್ಡಕ್ಕೆ ಚಾಚಿದ ಕವಲು), ಗಿಡದ ಹೊಟ್ಟೆಯೊಳಕ್ಕೆ ನುಗ್ಗಿದ ಕವಲು, ಕಂಬಚಿಗುರು (ಕಾಂಡದಿಂದ ನೆಟ್ಟಗೆ ಏಳುವ ಚಿಗುರು) ಎಲ್ಲಕ್ಕೂ ಅದೇ ಕತ್ತರಿ. ದಿನವಿಡೀ ಒತ್ತುವವರಿಗೆ ಮಧ್ಯಾಹ್ನದ ಹೊತ್ತಿಗೇ ಹೆಬ್ಬೆರಳಿನ ಬುಡ ನೋಯತೊಡಗುತ್ತದೆ. ಕಡಿಮೆ ಶ್ರಮದ ಕತ್ತರಿ ವಿನ್ಯಾಸ ಮಾಡಬೇಕೆಂದರೆ ಮೊದಲು ಬೇಕಾದ್ದು ಒಂದೇ ಅಳತೆ: ಕೈ ಎಷ್ಟು ದೂರ ಮುಚ್ಚಬಲ್ಲದು?

ಕತ್ತರಿ ಎಂದರೆ ಬೋಲ್ಟನ್ನು ಆನಿಕೆಯಾಗಿಟ್ಟುಕೊಂಡ ಎರಡು ಸನ್ನೆಗಳು. ಬೋಲ್ಟಿನಿಂದ ಕೈ ಒತ್ತುವ ಜಾಗಕ್ಕಿರುವ ದೂರವನ್ನು, ಬೋಲ್ಟಿನಿಂದ ಕೊಂಬೆಗಿರುವ ದೂರದಿಂದ ಭಾಗಿಸಿದರೆ ಯಾಂತ್ರಿಕ ಲಾಭ, ಅಂದರೆ ಕೈಯ ಬಲ ಅಲಗಿನಲ್ಲಿ ಎಷ್ಟು ಪಟ್ಟಾಗುತ್ತದೆ ಎಂಬ ಲೆಕ್ಕ. 90 ಮಿ.ಮೀ. ಮತ್ತು 30 ಮಿ.ಮೀ. ಆದರೆ ಲಾಭ 3. ಹಿಡಿಯನ್ನು ಉದ್ದ ಮಾಡಿದರೆ ಲಾಭ ಹೆಚ್ಚುತ್ತದೆ ಎಂಬುದು ನಿಜವೇ, ಆದರೆ ಬಾಯಿ ಅಷ್ಟೇ ತೆರೆಯಲು ಉದ್ದದ ಹಿಡಿ ಇನ್ನೂ ಅಗಲವಾಗಿ ತೆರೆದುಕೊಳ್ಳಬೇಕು. ಅಲ್ಲಿಗೆ ಬೆರಳು ಎಟುಕುವುದಿಲ್ಲ. ಉದ್ದ ಹಿಡಿಯ ಕತ್ತರಿಗಳಿಗೆ ಎರಡು ಕೈ ಬೇಕಾಗುವುದು ಇದಕ್ಕೇ.

ಲೆಕ್ಕ ಹಾಕಿ ನೋಡೋಣ. ಹಿಡಿಗಳ ನಡುವಿನ ಅಂತರ ತೆರೆದಾಗ 90 ಮಿ.ಮೀ., ಮುಚ್ಚಿದಾಗ 45 ಮಿ.ಮೀ. ಎಂದಿಟ್ಟುಕೊಳ್ಳಿ. ಕೈಯ ಪಾಲಿನ ಚಲನೆ 45 ಮಿ.ಮೀ. ಕೊಂಬೆ 15 ಮಿ.ಮೀ. ದಪ್ಪವಿದ್ದರೆ ಅಲಗು ಅದನ್ನು ದಾಟಲು 15 ಮಿ.ಮೀ. ಸಾಗಬೇಕು. 45ನ್ನು 15ರಿಂದ ಭಾಗಿಸಿ: ಸರಾಸರಿ ಲಾಭ 3. ಒಳಗೆ ಏನೇ ಗೇರು, ಕೊಂಡಿ ಕೂರಿಸಿದರೂ ಒಂದೇ ಒತ್ತಿನಲ್ಲಿ ಈ ಸರಾಸರಿ ಮೀರಲಾಗದು. ಅದನ್ನು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಖರ್ಚು ಮಾಡಬೇಕು ಎಂಬುದಷ್ಟೇ ವಿನ್ಯಾಸಕಾರರ ಕೈಯಲ್ಲಿದೆ.

ಇಲ್ಲೇ ಇರುವುದು ಸ್ವಾರಸ್ಯ. ಕೊಂಬೆ ದುಂಡಗಿರುವುದರಿಂದ ಅಲಗಿಗೆ ಸಿಗುವ ಮರದ ಅಗಲ ಶುರುವಿನಲ್ಲಿ ಕಡಿಮೆ, ನಟ್ಟನಡುವೆ ಅತಿ ಹೆಚ್ಚು, ಕೊನೆಗೆ ಮತ್ತೆ ಕಡಿಮೆ. ಉದಾಹರಣೆಗೆ ಮೊದಲ 5 ಮಿ.ಮೀ.ಗೆ 200 ನ್ಯೂಟನ್, ನಡುವಿನ 5ಕ್ಕೆ 500, ಕೊನೆಯ 5ಕ್ಕೆ 200 ಬೇಕು ಎನ್ನಿ. ಲಾಭ ಉದ್ದಕ್ಕೂ 3 ಆಗಿದ್ದರೆ ಕೈಗೆ ಬೀಳುವ ಭಾರ 67, 167, 67 ನ್ಯೂಟನ್. ಕೈ ಸೋಲುವುದು ಆ 167ರಲ್ಲಿ, ಅಂದರೆ ಸುಮಾರು 17 ಕಿಲೋ ತೂಕದಲ್ಲಿ. ಈಗ ಲಾಭವನ್ನು 2, 5, 2 ಎಂದು ಹಂಚಿ. ಕೈಯ ಚಲನೆ 10 + 25 + 10 = 45 ಮಿ.ಮೀ., ಮೊದಲಿನಷ್ಟೇ. ಭಾರ ಮಾತ್ರ ಎಲ್ಲ ಕಡೆ 100 ನ್ಯೂಟನ್. ಒಟ್ಟು ಕೆಲಸ ಎರಡರಲ್ಲೂ 4.5 ಜೂಲ್, ಆದರೆ ಏಟು ಮಾಯ. ಗೇರು ಇಲ್ಲವೇ ಕ್ಯಾಮ್ (ತಿರುಗುತ್ತಾ ಲಾಭ ಬದಲಿಸುವ ಬಾಗಿದ ತುಂಡು) ಇರುವ ಕತ್ತರಿಗಳು ಮಾಡುವುದು ಇದನ್ನೇ. ಹಲ್ಲುಗಳ ತಿಕ್ಕಾಟ ಸ್ವಲ್ಪ ತಿನ್ನುತ್ತದೆ, ಹಾಗಾಗಿ ನಿಜದಲ್ಲಿ 100ಕ್ಕಿಂತ ತುಸು ಹೆಚ್ಚೇ ಬರುತ್ತದೆ.

ಈ ಹಂಚಿಕೆಯಲ್ಲಿ ಕೈಯ ಸ್ವಭಾವವೂ ಸೇರಬೇಕು. ಹಿಡಿತ ಅತಿ ಬಲವಾಗಿರುವುದು ಹಿಡಿಗಳ ಅಂತರ 5–6 ಸೆಂ.ಮೀ. ಇದ್ದಾಗ. ಅದಕ್ಕಿಂತ ಅಗಲವಾದರೆ ಬೆರಳ ತುದಿಯಷ್ಟೇ ತಾಗುತ್ತದೆ, ತೀರಾ ಕಿರಿದಾದರೆ ಬೆರಳು ಮಡಚಿ ಬಲ ಕುಸಿಯುತ್ತದೆ. ಹೆಂಗಸರ ಹಿಡಿತದ ಬಲ ಸರಾಸರಿ ಗಂಡಸರದ್ದರ ಸುಮಾರು 60 ಶೇಕಡಾ, ಅಂಗೈಯೂ ಚಿಕ್ಕದು. ಕಸಿ ಮಾಡುವವರಲ್ಲಿ ಹೆಂಗಸರೂ ಇರುವ ಕಡೆ 90 ಮಿ.ಮೀ. ತೆರೆಯುವ ಒಂದೇ ಗಾತ್ರದ ಕತ್ತರಿ ಹಂಚುವುದು ಅನ್ಯಾಯ. 70 ಮಿ.ಮೀ.ಗೆ ನಿಲ್ಲುವ ಎರಡನೇ ಗಾತ್ರ ಬೇಕೇ ಬೇಕು. ಆಗ ಕೈಗೆ ಉಳಿಯುವ ಚಲನೆ ಬರೀ 25 ಮಿ.ಮೀ. ಲಾಭ 3 ಉಳಿಯಬೇಕೆಂದರೆ ಕೊಂಬೆ 8 ಮಿ.ಮೀ. ಮೀರಬಾರದು. ದಪ್ಪದ್ದಕ್ಕೆ ಕೈಗರಗಸ ಕೊಡಿ.

ಬಾಯಿ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಕೊಳ್ಳುವವರು ಅಂದುಕೊಳ್ಳುತ್ತಾರೆ. ಕಸಿಯಲ್ಲಿ ಸಿಗುವುದು ಬಹುಪಾಲು ಪೆನ್ಸಿಲ್ ಗಾತ್ರದ ರೆಕ್ಕೆ. 25 ಮಿ.ಮೀ. ಬಾಯಿಯಲ್ಲಿ 8 ಮಿ.ಮೀ. ರೆಕ್ಕೆ ಹಿಡಿದರೆ ಕೈಯ ಚಲನೆಯ ಮೂರನೇ ಎರಡು ಭಾಗ ಗಾಳಿ ಕತ್ತರಿಸಲು ಹೋಯಿತು. ಅರ್ಧ ಬಾಯಿಗೆ ನಿಲ್ಲಿಸುವ ಎರಡನೇ ಲಾಕ್ ಅಗ್ಗದ ಸುಧಾರಣೆ, ಎಲ್ಲ ಕತ್ತರಿಗೂ ಇರಬೇಕು. ಬಾಯಿಯ ಕೋನಕ್ಕೂ ಮಿತಿಯಿದೆ. ಹಸಿ ತೊಗಟೆ ಮತ್ತು ಉಕ್ಕಿನ ನಡುವೆ ಘರ್ಷಣಾಂಕ 0.3 ಎಂದು ಹಿಡಿದರೆ ಕೋನ 33 ಡಿಗ್ರಿ ದಾಟಿದೊಡನೆ ಕೊಂಬೆ ಕಚ್ಚಿಕೊಳ್ಳದೆ ಮುಂದಕ್ಕೆ ಜಾರುತ್ತದೆ. ಆಗ ತುದಿಯಲ್ಲಿ ಕತ್ತರಿಸಬೇಕಾಗಿ ಲಾಭ ಇನ್ನೂ ಇಳಿಯುತ್ತದೆ. ಕೆಳಗಿನ ದವಡೆ ಕೊಕ್ಕೆಯಂತೆ ಬಾಗಿರುವುದು ಈ ಜಾರುವಿಕೆ ತಡೆಯಲು.

ರ್ಯಾಚೆಟ್ ಬಗೆಯಲ್ಲಿ ಒಂದೇ ಕಡಿತಕ್ಕೆ ಹಲವು ಒತ್ತು. 30 ಮಿ.ಮೀ.ಯ ಮೂರು ಒತ್ತಿಗೆ ಕೈಯ ಚಲನೆ 90 ಆಗಿ, ಅದೇ 15 ಮಿ.ಮೀ. ಕೊಂಬೆಗೆ ಸರಾಸರಿ ಲಾಭ 6ಕ್ಕೇರುತ್ತದೆ. ಕೈಬಲ ಕುಗ್ಗಿದವರಿಗೆ, ಹಿತ್ತಲ ಗಿಡಕ್ಕೆ ಒಳ್ಳೆಯದು. ಎಕರೆಗಟ್ಟಲೆ ಕಸಿಗೆ ಒತ್ತುಗಳ ಸಂಖ್ಯೆಯೇ ಮೂರು ಪಟ್ಟಾಗುವುದರಿಂದ ನಾವು ಶಿಫಾರಸು ಮಾಡುವುದಿಲ್ಲ. ಅಲಗು ಚಪ್ಪಟೆ ಹಲಗೆಯ ಮೇಲೆ ಕೂರುವ ಆನ್ವಿಲ್ ಬಗೆ ಒಣ ಕಡ್ಡಿಗೆ ಸರಿ, ಹಸಿ ರೆಕ್ಕೆಯನ್ನು ಜಜ್ಜುತ್ತದೆ.

ಇನ್ನು ಅಲಗು. ಕೊಂಬೆ ಕೇಳುವ ಬಲವನ್ನೇ ಇಳಿಸುವ ದಾರಿ ಇದು, ಯಾವ ಗೇರಿಗಿಂತಲೂ ಮೊದಲು ಗಮನಿಸಬೇಕಾದ್ದು. ಕತ್ತರಿಸುವಾಗ ಬಲ ಮೂರು ಕಡೆ ಖರ್ಚಾಗುತ್ತದೆ: ನಾರು ಕಡಿಯಲು, ಕಡಿದ ಎರಡು ಹೋಳುಗಳನ್ನು ಬದಿಗೆ ದೂಡಲು, ಅಲಗಿನ ಮೈ ಉಜ್ಜುವುದಕ್ಕೆ. ಏಣು ಹರಿತವಿದ್ದರೂ ಅದರ ಹಿಂದೆ ಅಲಗು ದಪ್ಪಗಿದ್ದರೆ ನಡುವೆ ಸಿಕ್ಕಿಕೊಳ್ಳುತ್ತದೆ. ಸಾಣೆ 20–25 ಡಿಗ್ರಿಯಲ್ಲಿ, ಇಳಿಜಾರಿರುವ ಮಗ್ಗುಲಿಗೆ ಮಾತ್ರ. ಚಪ್ಪಟೆ ಮಗ್ಗುಲಲ್ಲಿ ಎದ್ದ ಸಿಬಿರನ್ನು ಕಲ್ಲಿಗೆ ಮಲಗಿಸಿ ಒಮ್ಮೆ ಸವರಿದರೆ ಸಾಕು. ಆ ಮಗ್ಗುಲನ್ನೂ ಓರೆಯಾಗಿ ಮಸೆದರೆ ಅಲಗು ಮತ್ತು ಕೊಕ್ಕೆಯ ನಡುವೆ ಸಂದು ಬಿದ್ದು, ತೊಗಟೆ ಕಡಿಯದೆ ಅದರೊಳಗೆ ಮಡಚಿಕೊಳ್ಳುತ್ತದೆ. 20ಕ್ಕಿಂತ ಚೂಪು ಮಾಡಿದರೆ ಬಲಿತ ರೊಬಸ್ಟಾ ಮರಕ್ಕೆ ಏಣು ಮುಕ್ಕಾಗುತ್ತದೆ.

ಬೋಲ್ಟ್ ಬಿಗಿ ನೋಡಲು ಸ್ಪ್ರಿಂಗ್ ಕಳಚಿ, ಒಂದು ಹಿಡಿಯನ್ನು ಅಡ್ಡವಾಗಿ ಹಿಡಿದು ಇನ್ನೊಂದನ್ನು ಎತ್ತಿ ಬಿಡಿ. ದಡಕ್ಕನೆ ಬಿದ್ದರೆ ಸಡಿಲ, ಅಲ್ಲೇ ನಿಂತರೆ ಅತಿ ಬಿಗಿ, ನಿಧಾನ ಇಳಿದು ನಡುವೆ ನಿಂತರೆ ಸರಿ. ಸ್ಪ್ರಿಂಗ್ ಕತ್ತರಿಯನ್ನು ತೆರೆಯುವಷ್ಟು ಗಟ್ಟಿಯಿದ್ದರೆ ಸಾಕು. ಅದನ್ನು ಅದುಮುವ ಬಲವನ್ನು ಪ್ರತಿ ಸಲವೂ ಕೈಯೇ ತೆರಬೇಕು. ಕರಿಮೆಣಸು ಹಬ್ಬಿಸಿದ ಹಲಸಿನ ಕವಲು ಕಡಿದ ದಿನ ಮೇಣ ಗೇರಿನ ಹಲ್ಲಿಗೆ ಮೆತ್ತಿ ಗಟ್ಟಿಯಾಗುತ್ತದೆ. ಸಂಜೆಯೇ ಕೊಬ್ಬರಿಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿಡಬೇಕು. ಮಲೆನಾಡಿನ ಮಳೆಗಾಲದಲ್ಲಿ ತುಕ್ಕಿಗೂ ಅದೇ ಮದ್ದು. ತೊಳೆಯಲು ಬಿಚ್ಚಲಾಗದಂತೆ ರಿವೆಟ್ ಹೊಡೆದ ಗೇರಿನ ಕತ್ತರಿ ಇಲ್ಲಿಗೆ ಆಗಿಬರುವುದಿಲ್ಲ.

ಅಳೆದು ನೋಡಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಕೆಳಗಿನ ಹಿಡಿಯನ್ನು ವೈಸಿಗೆ ಕಚ್ಚಿಸಿ, ಮೇಲಿನ ಹಿಡಿಗೆ ಬೋಲ್ಟಿನಿಂದ 90 ಮಿ.ಮೀ. ದೂರದಲ್ಲಿ ಗುರುತು ಹಾಕಿ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಹಿಡಿಗೆ ಲಂಬವಾಗಿ ನಿಧಾನ ಎಳೆಯಿರಿ. ಕಡಿತ ಮುಗಿಯುವುದರೊಳಗೆ ಕಂಡ ಅತಿ ಹೆಚ್ಚು ಅಂಕಿಯನ್ನು ಬರೆದುಕೊಳ್ಳಿ. ಒಂದೇ ಗಿಡದಿಂದ ಆಗಷ್ಟೇ ತಂದ 6, 8, 12 ಮಿ.ಮೀ. ರೆಕ್ಕೆಗಳು, ಪ್ರತಿಯೊಂದಕ್ಕೂ ಐದು ಕಡಿತ. ಗಂಟು ಬಂದದ್ದನ್ನು ಲೆಕ್ಕಕ್ಕೆ ಸೇರಿಸಬೇಡಿ. ಕೊಂಬೆಯನ್ನು ಬೋಲ್ಟಿನಿಂದ ಪ್ರತಿಸಲ ಅದೇ ದೂರದಲ್ಲಿಡಿ. 30ರ ಬದಲು 20 ಮಿ.ಮೀ.ಗೆ ಸರಿದರೂ ಲಾಭ 3ರಿಂದ 4.5ಕ್ಕೆ ಹಾರಿ, ಮೊಂಡು ಕತ್ತರಿಯೂ ಚೂಪಾದಂತೆ ಕಾಣುತ್ತದೆ.