ಕಣ್ಣಿಗೆ ಹಿಡಿಯುವ ಮೊದಲೇ ಫೋಕಸ್: ರೇಂಜ್‌ಫೈಂಡರ್ ಕೈಗೆ ಒಗ್ಗುವ ಬಗೆ

ಮದುವೆ ಮನೆಗಳಲ್ಲಿ ನನ್ನ ಹೆಗಲಿನ ಸಣ್ಣ ಕ್ಯಾಮೆರಾ ನೋಡಿ ಹುಡುಗರು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಇಷ್ಟು ದುಡ್ಡು ಕೊಟ್ಟು ಆಟೋಫೋಕಸ್ ಇಲ್ಲದ ಕ್ಯಾಮೆರಾ ಯಾಕೆ ತಗೊಂಡದ್ದು?" ನ್ಯಾಯವಾದ ಪ್ರಶ್ನೆಯೇ. ಲೈಕಾ ಕಂಪನಿಯ ಹೊಸ 'ಎಂ' ಕ್ಯಾಮೆರಾದ ಬರೀ ಬಾಡಿಯ ಬೆಲೆಯೇ ಒಂದು ಸಣ್ಣ ಕಾರಿನಷ್ಟು. ಲೆನ್ಸಿನ ಖರ್ಚು ಬೇರೆ. ನನ್ನದು ಸೆಕೆಂಡ್ ಹ್ಯಾಂಡ್ ಎಂ10, ರೇಂಜ್‌ಫೈಂಡರ್ ಕ್ಯಾಮೆರಾ, ಅಂದರೆ ಎರಡು ಬಿಂಬ ಒಂದಾಗಿಸಿ ಕೈಯಲ್ಲೇ ಫೋಕಸ್ ಮಾಡುವಂಥದ್ದು. ಅದರಲ್ಲಿ ವಿಡಿಯೋ ಇಲ್ಲ, ಝೂಮ್ ಲೆನ್ಸ್ ಇಲ್ಲ. ಧಾರೆಯ ಹೊತ್ತಿಗೆ ಈಗಲೂ ನಾನು ಹಿಡಿಯುವುದು ಆಟೋಫೋಕಸ್ ಇರುವ ಮಿರರ್‌ಲೆಸ್ ಕ್ಯಾಮೆರಾವನ್ನೇ. ರೇಂಜ್‌ಫೈಂಡರ್ ಇರುವುದು ಬೇರೆ ಕೆಲಸಕ್ಕೆ. ಅದು ಯಾವುದು ಅಂತ ತಿಳಿಯಬೇಕಾದರೆ ಯಕ್ಷಗಾನದ ಚೌಕಿಯೊಳಗೆ, ವೇಷ ಕಟ್ಟುವ ಜಾಗಕ್ಕೆ ಬರಬೇಕು.

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಯಕ್ಷಗಾನ ಆಟ ಇರುವ ರಾತ್ರಿ ನಾನು ಚೌಕಿಯಲ್ಲಿ ಒಂದು ಮೂಲೆ ಹಿಡಿದು ಕೂರುತ್ತೇನೆ. ಬಣ್ಣದ ವೇಷದವರು ಚಕ್ಕಳಮಕ್ಕಳ ಹಾಕಿ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಮುಖಕ್ಕೆ ಒಂದೊಂದೇ ಚುಕ್ಕೆಯಾಗಿ ಇಡುತ್ತಾ ಹೋಗುತ್ತಾರೆ. ಗಂಟೆಗಟ್ಟಲೆಯ ಕೆಲಸ ಅದು. ಅವರಿಗೂ ನನಗೂ ನಡುವೆ ಇರುವುದು ಸುಮಾರು ಒಂದು ಮೀಟರ್. ಅಲ್ಲಿ ದೊಡ್ಡ ಲೆನ್ಸ್ ಮುಖದ ಎದುರಿಗೆ ಬಂದರೆ ಕೈ ನಿಲ್ಲುತ್ತದೆ, ಕಣ್ಣು ನಮ್ಮ ಕಡೆ ತಿರುಗುತ್ತದೆ. ಈ ಕ್ಯಾಮೆರಾದಲ್ಲಿ ಹಾಗಾಗುವುದು ಕಡಿಮೆ. ಲೆನ್ಸ್ ಮುಷ್ಟಿಯೊಳಗೆ ಅಡಗುವಷ್ಟು ಸಣ್ಣದು, ಕನ್ನಡಿ ಮೇಲೆದ್ದು ಬೀಳುವ ಸದ್ದಿಲ್ಲ. ಒಮ್ಮೆ ಒಬ್ಬ ಹಿರಿಯ ಕಲಾವಿದರು ಕಾದು ಕಾದು ಕೇಳಿದರು, "ಎಂತ ಮಾರಾಯ್ರೆ, ಫೋಟೋ ತೆಗೀಲಿಕ್ಕೆ ಇಲ್ವಾ?" ಅಷ್ಟರಲ್ಲಿ ನಾನು ಹತ್ತು ತೆಗೆದಾಗಿತ್ತು.

ಇದರ ಒಳಗೆ ನಡೆಯುವುದು ಹೀಗೆ. ಎದುರಿನಿಂದ ನೋಡಿದರೆ ಎರಡು ಕಿಟಕಿ ಕಾಣುತ್ತವೆ, ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡದರಲ್ಲಿ ನಾವು ನೋಡುತ್ತೇವೆ. ಸುಮಾರು 7 ಸೆಂಟಿಮೀಟರ್ ಆಚೆ ಇರುವ ಸಣ್ಣದರಿಂದ ಇನ್ನೊಂದು ಬಿಂಬ ಬಂದು, ನಮ್ಮ ನೋಟದ ನಡುವಿನ ಬೆಳ್ಳಗಿನ ಸಣ್ಣ ಚೌಕದಲ್ಲಿ ಕೂಡುತ್ತದೆ. ಲೆನ್ಸ್ ತಿರುಗಿಸಿದರೆ ಅದರ ಹಿಂಬದಿಯ ಲೋಹದ ಅಂಚು ಬಾಡಿಯೊಳಗಿನ ಒಂದು ಪುಟ್ಟ ರೋಲರನ್ನು ತಳ್ಳುತ್ತದೆ. ಚೌಕದೊಳಗಿನ ಬಿಂಬ ಪಕ್ಕಕ್ಕೆ ಸರಿಯುತ್ತದೆ. ಎರಡಾಗಿ ಕಾಣುವ ಎದುರಿನವರ ಮೂಗು ಒಂದಾದರೆ ಫೋಕಸ್ ಆಯಿತು. ಪೂರ್ತಿ ಮೆಕ್ಯಾನಿಕಲ್ ಕೆಲಸ. 1954ರ ಲೈಕಾ ಎಂ3ಯಲ್ಲಿ ಇದ್ದದ್ದೂ ಇದೇ ಏರ್ಪಾಡು, ಆಗಿನ ಲೆನ್ಸ್ ಇವತ್ತಿನ ಡಿಜಿಟಲ್ ಬಾಡಿಗೂ ಕೂರುತ್ತದೆ.

ಆದರೆ ನನಗೆ ಮುಖ್ಯ ಅನಿಸುವುದು ಆ ಚೌಕಕ್ಕಿಂತ ಲೆನ್ಸಿನ ಕೆಳಗಿರುವ, ಬೆರಳಿಡುವ ಕಿವಿಯಂಥ ಸಣ್ಣ ಹಿಡಿ. ನನ್ನ 35 ಮಿ.ಮೀ. ಲೆನ್ಸಿನಲ್ಲಿ ಆ ಕಿವಿ ನೇರ ಕೆಳಗಿದ್ದರೆ ದೂರ ಒಂದು ಮೀಟರಿಗಿಂತ ತುಸು ಜಾಸ್ತಿ. ಒಂದು ಬದಿಯ ಕೊನೆಗೆ ಹೋದರೆ 70 ಸೆಂಟಿಮೀಟರ್, ಇನ್ನೊಂದು ಕೊನೆಯಲ್ಲಿ ಅನಂತ. ಇದನ್ನು ಬೆರಳು ಕಲಿಯುತ್ತದೆ, ಬೈಕಿನ ಗೇರ್ ಕಾಲಿಗೆ ಗೊತ್ತಾಗುವ ಹಾಗೆ. ಚೌಕಿಯಲ್ಲಿ ಕೂತಾಗ ಕ್ಯಾಮೆರಾ ತೊಡೆಯ ಮೇಲಿರುವಾಗಲೇ ನಾನು ಫೋಕಸ್ ಹತ್ತಿರ ತಂದಿಟ್ಟಿರುತ್ತೇನೆ. ಕಣ್ಣಿಗೆ ಹಿಡಿದ ಮೇಲೆ ಉಳಿಯುವುದು ಕೂದಲೆಳೆಯಷ್ಟು ತಿದ್ದುವ ಕೆಲಸ. ಮೇಲಿನ ಡಯಲುಗಳೂ ಅದಕ್ಕೇ. ಎಡಗಡೆ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಎತ್ತಿ ತಿರುಗಿಸಬೇಕು. ಬಲಗಡೆ ಶಟರಿನ ವೇಗ. ಲೆನ್ಸಿನ ಮೇಲೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆ. ಸ್ವಿಚ್ ಆಫ್ ಇದ್ದರೂ ಮೂರನ್ನೂ ಓದಬಹುದು. ಹಿಂದೆ ಇರುವುದು ಮೂರೇ ಬಟನ್.

ದೂರ ಅಂದಾಜು ಮಾಡುವುದು ಅಭ್ಯಾಸದಿಂದಲೇ ಬರಬೇಕು. ಹೊಸಬರಿಗೆ ನಾನು ಹೇಳುವುದು, ಮೊದಲ ತಿಂಗಳು ಬ್ಯಾಗಿನಲ್ಲಿ ಒಂದು ಅಳತೆ ಟೇಪ್ ಇಟ್ಟುಕೊಳ್ಳಿ. ಮನೆಯ ಜಗಲಿಯಿಂದ ತುಳಸಿಕಟ್ಟೆಗೆ ಎಷ್ಟು, ಬಸ್ಸಿನಲ್ಲಿ ಎದುರು ಸೀಟಿಗೆ ಎಷ್ಟು, ಮೊದಲು ಬಾಯಲ್ಲಿ ಹೇಳಿ, ಆಮೇಲೆ ಅಳೆಯಿರಿ. ಹಗಲಿನಲ್ಲಿ 35 ಮಿ.ಮೀ. ಲೆನ್ಸಿನ ಅಪರ್ಚರನ್ನು ಸಣ್ಣಗೆ, ಎಫ್/8ಕ್ಕೆ ಇಟ್ಟು 3 ಮೀಟರಿಗೆ ಫೋಕಸ್ ಮಾಡಿದರೆ ಹೆಚ್ಚುಕಡಿಮೆ 2ರಿಂದ 7 ಮೀಟರ್ ತನಕ ಎಲ್ಲವೂ ಚೂಪಾಗಿಯೇ ಬರುತ್ತದೆ. ಮಧೂರಿನ ಜಾತ್ರೆ ಗದ್ದಲದಲ್ಲಿ ಅಷ್ಟು ಧಾರಾಳ ಸಾಕು. ಚೌಕಿಯಲ್ಲಿ ಅಪರ್ಚರ್ ಅಗಲ ತೆರೆದು ಎಫ್/2, ಒಂದು ಮೀಟರ್ ಅಂದರೆ ಸಿಗುವುದು 10 ಸೆಂಟಿಮೀಟರ್ ಮಾತ್ರ. ಮೂಗು ಚೂಪಾದರೆ ಕಿವಿ ಮಸುಕು. ಅಲ್ಲಿ ಅಂದಾಜು ನಡೆಯುವುದಿಲ್ಲ, ಬಿಂಬ ಕೂಡಿಸಲೇಬೇಕು.

ಬಿಂಬ ಕೂಡಿಸುವುದರಲ್ಲಿ ನಮ್ಮ ಊರಿಗೇ ಒಂದು ತೊಂದರೆ ಉಂಟು. ಅಡಿಕೆ ತೋಟ! ಒಂದೇ ದಪ್ಪದ, ಒಂದೇ ಬಣ್ಣದ ಕಾಂಡಗಳು ಸಾಲು ಸಾಲಾಗಿ ನಿಂತಿರುತ್ತವೆ. ಚೌಕದಲ್ಲಿ ಈ ಮರದ ಬಿಂಬ ಪಕ್ಕದ ಮರದ ಮೇಲೆ ಸರಿಯಾಗಿ ಕೂತುಬಿಡುತ್ತದೆ. ಕಣ್ಣಿಗೆ ಫೋಕಸ್ ಆದ ಹಾಗೇ ಕಾಣುತ್ತದೆ, ಮನೆಗೆ ಬಂದು ನೋಡಿದರೆ ಎಲ್ಲ ಮಸುಕು. ನಾನೀಗ ಕಾಂಡದ ಮೇಲಿನ ಒಂದು ಬಿಳಿ ಕಲೆಯನ್ನೋ ಕೊನೆ ಕೊಯ್ಯುವವರ ಅಂಗಿಯ ಅಂಚನ್ನೋ ಹುಡುಕಿ ಅದನ್ನು ಕೂಡಿಸುತ್ತೇನೆ. ಅಡ್ಡ ಗೆರೆಗಳದ್ದು ಇನ್ನೊಂದು ಕಥೆ. ಬಿಂಬ ಸರಿಯುವುದು ಅಡ್ಡಕ್ಕೆ, ಹಾಗಾಗಿ ಹಂಚಿನ ಮಾಡಿನ ಅಂಚಿನಂಥ ಅಡ್ಡ ಗೆರೆ ಅದಕ್ಕೆ ತಿಳಿಯುವುದಿಲ್ಲ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಫೋಕಸ್ ಮಾಡಿ, ಮತ್ತೆ ಅಡ್ಡ ಹಿಡಿದು ತೆಗೆಯಬೇಕು.

ಕಿಟಕಿಯಲ್ಲಿ ಕಾಣುವ ಬಿಳಿ ಗೆರೆಗಳ ಚೌಕಟ್ಟು ಫೋಟೋದ ಅಂದಾಜು ಗಡಿ. ಎಂ10ರಲ್ಲಿ ಅದು 2 ಮೀಟರ್ ದೂರಕ್ಕೆ ಲೆಕ್ಕ ಹಾಕಿದ್ದು. ದೂರದ ದೃಶ್ಯದಲ್ಲಿ ಗೆರೆಯ ಹೊರಗಿನದೂ ಸ್ವಲ್ಪ ಸೇರಿಬಿಡುತ್ತದೆ. ಇದನ್ನು ಕೆಲವರು ಕೊರತೆ ಅಂತಾರೆ. ನನಗೆ ಗೆರೆಯ ಹೊರಗೂ ಕಾಣುವುದೇ ದೊಡ್ಡ ಲಾಭ. ಕಿರೀಟ ಹೊತ್ತವರು ಎಡದಿಂದ ಬರುತ್ತಿದ್ದಾರೆ ಅಂತ ಅವರು ಚೌಕಟ್ಟಿಗೆ ಕಾಲಿಡುವ ಮೊದಲೇ ಗೊತ್ತಾಗುತ್ತದೆ.

ಡಿಜಿಟಲ್ ಆಗುವಾಗ ಈ ಜಾತಿಯ ಕ್ಯಾಮೆರಾ ತುಂಬಾ ಕಷ್ಟಪಟ್ಟಿತು. ಲೆನ್ಸ್ ಕೂರುವ ಜಾಗಕ್ಕೂ ಫಿಲ್ಮಿಗೂ ನಡುವೆ ಇರುವುದು 27.8 ಮಿ.ಮೀ. ಅಷ್ಟು ಹತ್ತಿರದಿಂದ ಬರುವ ಬೆಳಕು ಮೂಲೆಗಳಿಗೆ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಅದು ಲೆಕ್ಕಕ್ಕಿಲ್ಲ, ಫಿಲ್ಮಿನ ಜಾಗದಲ್ಲಿ ಕೂರುವ ಸೆನ್ಸರಿಗೆ ದೊಡ್ಡ ತೊಂದರೆ. 2004ರಲ್ಲಿ ಮೊದಲು ಬಂದದ್ದು ಎಪ್ಸನ್ ಆರ್‌-ಡಿ1, ಸಣ್ಣ ಸೆನ್ಸರ್, 6 ಮೆಗಾಪಿಕ್ಸೆಲ್. 2006ರ ಲೈಕಾ ಎಂ8ರಲ್ಲಿ ಸೆನ್ಸರಿನ ಮೇಲಿರುವ ಪುಟ್ಟ ಲೆನ್ಸುಗಳಲ್ಲಿ ಮೂಲೆಯವನ್ನು ನಡುವಿನ ಕಡೆ ಸ್ವಲ್ಪ ಸರಿಸಿ ಕೂರಿಸಿದರು. ಆದರೆ ಸೆನ್ಸರಿನ ಮೇಲಿನ ಗಾಜನ್ನು ತೆಳ್ಳಗೆ ಮಾಡಿದ್ದರಿಂದ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಒಳಗೆ ನುಗ್ಗಿ, ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಬರುತ್ತಿತ್ತು. ಲೆನ್ಸಿಗೆ ಫಿಲ್ಟರ್ ಹಾಕಿ ಸುಧಾರಿಸಬೇಕಾಯಿತು. 2009ರ ಎಂ9ರಲ್ಲಿ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಬಂತು. 2017ರ ಎಂ10ರಲ್ಲಿ ಬಾಡಿಯ ದಪ್ಪ ಮತ್ತೆ ಹಳೆಯ ಫಿಲ್ಮ್ ಕ್ಯಾಮೆರಾದ ಹತ್ತಿರಕ್ಕೆ ಇಳಿಯಿತು. ಹಿಡಿದಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಬ್ಯಾಟರಿ, ಕಾರ್ಡ್ ಬದಲಿಸಲು ತಳದ ತಗಡನ್ನು ಪೂರ್ತಿ ಬಿಚ್ಚಬೇಕು. ಕತ್ತಲೆಯಲ್ಲಿ, ನಿಂತುಕೊಂಡು, ಮೂರು ಕೈ ಬೇಕು ಅನಿಸುತ್ತದೆ. 2022ರ ಎಂ11ರಲ್ಲಿ ಆ ತಗಡು ಹೋಯಿತು, ಒಳ್ಳೆಯದಾಯಿತು.

ಒಂದು ಮಾತು ಒತ್ತಿ ಹೇಳಬೇಕು. ಈ ರೋಲರ್, ಕನ್ನಡಿಗಳ ಜೋಡಣೆ ಬಹಳ ಸೂಕ್ಷ್ಮ. ಒಂದು ವರ್ಷ ನಾನು ಕ್ಯಾಮೆರಾವನ್ನು ಬೈಕಿನ ಟ್ಯಾಂಕ್ ಮೇಲಿನ ಬ್ಯಾಗಿನಲ್ಲಿ ಹಾಕಿ ಹೊಂಡದ ರಸ್ತೆಯಲ್ಲೇ ಓಡಾಡಿದೆ. ಒಂದು ಇಡೀ ರಾತ್ರಿಯ ಚಿತ್ರಗಳಲ್ಲಿ ಕಣ್ಣು ಮಸುಕು, ಕಿವಿಯ ಓಲೆ ಚೂಪು. ಅವತ್ತು ವೇಷ ಹಾಕಿದ್ದ ಹಿರಿಯರು ಮರುವರ್ಷ ಮೇಳದ ತಿರುಗಾಟ ನಿಲ್ಲಿಸಿದರು. ಆ ರಾತ್ರಿಯ ಮುಖ ನನಗೆ ಮತ್ತೆ ಸಿಗಲಿಲ್ಲ. ಈಗ ಕ್ಯಾಮೆರಾ ನನ್ನ ಮೈಗೆ ತಾಗಿಯೇ ಇರುತ್ತದೆ. ತಿಂಗಳಿಗೊಮ್ಮೆ ಎರಡು ಪರೀಕ್ಷೆ ಮಾಡುತ್ತೇನೆ. ಲೆನ್ಸನ್ನು ಅನಂತಕ್ಕೆ ತಿರುಗಿಸಿ ದೂರದ ಮೊಬೈಲ್ ಟವರ್ ನೋಡುತ್ತೇನೆ. ಎರಡು ಬಿಂಬ ಅಡ್ಡಕ್ಕೂ ಉದ್ದಕ್ಕೂ ಒಂದಾಗಬೇಕು. ಆಮೇಲೆ ಮೇಜಿನ ಮೇಲೆ ಸ್ಕೇಲನ್ನು ಓರೆಯಾಗಿಟ್ಟು ಹತ್ತಿರದಿಂದ, ಅಪರ್ಚರ್ ಪೂರ್ತಿ ತೆರೆದು ತೆಗೆಯುತ್ತೇನೆ. ಫೋಕಸ್ ಮಾಡಿದ ಗೆರೆಯೇ ಚೂಪಾಗಿರಬೇಕು. ತಪ್ಪಿದ್ದರೆ ನುರಿತವರಿಗೇ ಕೊಡಿ, ಸ್ಕ್ರೂ ಡ್ರೈವರ್ ಹಿಡಿಯಬೇಡಿ.

ಇನ್ನು ಮಳೆ. ಲೆನ್ಸ್ ಕೂರುವ ಜಾಗದಲ್ಲಿ ರಬ್ಬರ್ ಸೀಲ್ ಇಲ್ಲ. ನಮ್ಮ ಜೂನ್, ಜುಲೈಯ ಹಸಿಗಾಳಿಗೆ ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಗಾಜನ್ನು ಬಿಟ್ಟೀತಾ? ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವಲ್ವಾ, ಅದೇ ವಾರ ನಾನು ಕ್ಯಾಮೆರಾವನ್ನು ಚರ್ಮದ ಕೇಸಿನಿಂದ ಹೊರಗೆ ತೆಗೆಯುತ್ತೇನೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು ಶೇಕಡಾ 40, 50ರ ನಡುವೆ ನಿಂತಿರಬೇಕು. ಜೆಲ್ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿಸಿ ಮತ್ತೆ ಹಾಕುತ್ತೇನೆ. ಆ ಬಾಣಲೆ ಅಡುಗೆಗೆ ಬೇಡ. ವಾರಕ್ಕೊಮ್ಮೆ ಡಬ್ಬಿ ತೆಗೆದು ಲೆನ್ಸಿನ ಕಿವಿಯನ್ನು ಈ ಕೊನೆಯಿಂದ ಆ ಕೊನೆಗೆ ಹತ್ತು ಸಲ ತಿರುಗಿಸಿ ಇಡುತ್ತೇನೆ. ಗ್ರೀಸ್ ಗಟ್ಟಿಯಾಗಬಾರದು, ಮತ್ತೆ ದೀಪಾವಳಿ ಕಳೆದು ಚೌಕಿಗೆ ಹೋಗಿ ಕೂತಾಗ ಒಂದು ಮೀಟರ್ ಎಲ್ಲಿ ಅಂತ ಬೆರಳಿಗೆ ನೆನಪಿರಬೇಕು.