ಗೊತ್ತಿದ್ದ ತಂತಿ

ಅಂಗಳದಲ್ಲಿ ಬಟ್ಟೆ ಒಣಗಿಸುವ ತಂತಿ ಖಾಲಿ ಇರುವ ಹೊತ್ತಿನಲ್ಲಿ ಅದಕ್ಕೆ ನೇರ ಎದುರಾಗಿ ನಿಲ್ಲಿ. ಎರಡೂ ತುದಿಯ ಕಂಬಗಳು ಕಣ್ಣಿಗೆ ಬೀಳಬಾರದು, ಅಷ್ಟು ಹತ್ತಿರ. ಈಗ ತೋರುಬೆರಳನ್ನು ಮೇಲಿನಿಂದ ಇಳಿಸಿ ಒಂದೇ ಸಲಕ್ಕೆ ತಂತಿಯ ಮೇಲೆ ಇಡಲು ನೋಡಿ. ಬೆರಳು ಆಚೆಗೋ ಈಚೆಗೋ ಇಳಿಯುವುದೇ ಹೆಚ್ಚು. ತಲೆಯನ್ನು ಭುಜದ ಕಡೆ ವಾಲಿಸಿ ಇನ್ನೊಮ್ಮೆ ಮಾಡಿ, ಕೆಲಸ ಸುಲಭವಾಗುತ್ತದೆ.

ನಮ್ಮ ಎರಡು ಕಣ್ಣು ಅಕ್ಕಪಕ್ಕ ಇವೆ. ಒಂದೇ ವಸ್ತು ಎಡಗಣ್ಣಿಗೆ ಒಂಚೂರು ಬಲಕ್ಕೂ ಬಲಗಣ್ಣಿಗೆ ಒಂಚೂರು ಎಡಕ್ಕೂ ಸರಿದಂತೆ ಕಾಣುತ್ತದೆ. ಆ ಸರಿತವನ್ನು ಅಳೆದೇ ಮಿದುಳು ದೂರವನ್ನು ಅಂದಾಜು ಮಾಡುವುದು. ಆದರೆ ಅಡ್ಡಕ್ಕೆ ಎಳೆದ ಗೆರೆ ಅಡ್ಡಕ್ಕೇ ಸರಿದರೆ ಸರಿದದ್ದು ತಿಳಿಯುವುದು ಹೇಗೆ? ಸೀರೆಯ ಅಂಚನ್ನು ಅಂಚಿನ ಉದ್ದಕ್ಕೇ ಎಳೆದಂತೆ. ಅಥವಾ ಬಸ್ಸಿನ ಮೈಗೆ ಬಳಿದ ಉದ್ದ ಪಟ್ಟಿಯನ್ನೇ, ಕಿಟಕಿ ಬಾಗಿಲು ನೋಡದೆ, ದಿಟ್ಟಿಸಿದಂತೆ: ಬಸ್ಸು ಮುಂದೆ ಹೋಗುತ್ತಿದ್ದರೂ ಪಟ್ಟಿ ನಿಂತೇ ಇರುತ್ತದೆ. ತಲೆ ವಾಲಿಸಿದೊಡನೆ ಒಂದು ಕಣ್ಣು ಮೇಲೆ, ಒಂದು ಕೆಳಗೆ ಆಗುತ್ತದೆ, ತಂತಿಯ ದೂರ ತಿಳಿಯುತ್ತದೆ.

ಬೆಳೆಗೆ ಮದ್ದು ಹೊಡೆಯುವ ವಿಮಾನದ ಪೈಲಟ್ ವಿದ್ಯುತ್ ತಂತಿ ಎಷ್ಟು ದೂರವಿದೆ ಎಂದು ತಿಳಿಯಲು ಹೀಗೆ ತಲೆ ವಾಲಿಸುತ್ತ ಹಾರಲಾರ. ಬೆಳೆಯಿಂದ ಮೂರು ಮೀಟರಿನಷ್ಟು ಮೇಲೆ, ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತಾನೆ. ಅಂದರೆ ಸೆಕೆಂಡಿಗೆ 55 ಮೀಟರ್. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಎಂಟು ಮಿಲಿಮೀಟರ್ ದಪ್ಪದ ತಂತಿ 27 ಮೀಟರ್ ದೂರದಲ್ಲೇ ಅಷ್ಟು ಸಣ್ಣದಾಗುತ್ತದೆ. ಬಿಳಿ ಆಕಾಶದ ಎದುರು ಇನ್ನೂ ದೂರದಿಂದ ಕಂಡೀತು. ಆದರೆ ಹಳೆಯದಾಗಿ ಬೂದಿಬಣ್ಣಕ್ಕೆ ತಿರುಗಿದ ಅಲ್ಯೂಮಿನಿಯಂ ತಂತಿ ಕಾಡಿನ ಎದುರು ಇದ್ದರೆ ಈ ಲೆಕ್ಕವೇ ಧಾರಾಳ. 27 ಮೀಟರ್ ಅಂದರೆ ಅರ್ಧ ಸೆಕೆಂಡು.

ಇಷ್ಟೇ ಆಗಿದ್ದರೆ ‘ಕಾಣದ ತಂತಿ ಕೊಂದಿತು’ ಎಂದು ಬರೆದು ಮುಗಿಸಬಹುದಿತ್ತು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ ಇಂಥ ಅಪಘಾತಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಿಕ್ಕಿದ್ದು ಬೇರೆಯೇ ಸಂಗತಿ. ತಂತಿಗೆ ಬಡಿದ ಪೈಲಟ್‌ಗಳಲ್ಲಿ ಶೇಕಡಾ 63 ಜನರಿಗೆ ಅಲ್ಲಿ ತಂತಿ ಇದೆಯೆಂದು ಬಡಿಯುವ ಮೊದಲೇ ಗೊತ್ತಿತ್ತು.

ಹಳೆ ಮನೆಯ ತಗ್ಗು ಬಾಗಿಲನ್ನು ನೆನಪಿಸಿಕೊಳ್ಳಿ. ನೆಂಟರು ಬಗ್ಗಿಯೇ ದಾಟುತ್ತಾರೆ. ಹಣೆ ಬಡಿಸಿಕೊಳ್ಳುವವರು ಅದೇ ಮನೆಯಲ್ಲಿ ಹುಟ್ಟಿ ಬೆಳೆದವರು, ಅದೂ ಕೈಯಲ್ಲಿ ಏನಾದರೂ ಹಿಡಿದು ಅವಸರದಲ್ಲಿದ್ದಾಗ. ಬಾಗಿಲು ತಗ್ಗು ಎಂಬ ತಿಳಿವಳಿಕೆ ತಲೆಯಲ್ಲಿ ಇದ್ದೇ ಇರುತ್ತದೆ, ಆ ಕ್ಷಣಕ್ಕೆ ಎದ್ದು ಬರುವುದಿಲ್ಲ. ಪೈಲಟ್‌ನ ಕೈಯಲ್ಲೂ ಹಾಗೇ ತುಂಬಾ ಇರುತ್ತದೆ: ಮದ್ದು ಹೊಡೆದ ಹಿಂದಿನ ಪಟ್ಟೆ ಎಲ್ಲಿಗೆ ಮುಗಿಯಿತು, ಗಾಳಿ ಯಾವ ಕಡೆ, ಟ್ಯಾಂಕಿನಲ್ಲಿ ಎಷ್ಟು ಉಳಿಯಿತು, ರಸ್ತೆಯಲ್ಲಿ ಯಾರು ನಿಂತಿದ್ದಾರೆ. ಮೂವತ್ತು ಸಲ ಅದೇ ತಂತಿಯ ಮೇಲಿಂದ ಎಗರಿ ದಾಟಿರುತ್ತಾನೆ. ಕೊನೆಗೆ ಅಂಚಿನಲ್ಲಿ ಬಿಟ್ಟುಹೋದ ಜಾಗಕ್ಕೆ ಅಡ್ಡಡ್ಡ ಹಾರಬೇಕಾಗುತ್ತದೆ. ದಿಕ್ಕು ಬದಲಾಗಿದೆ, ಟ್ಯಾಂಕು ಬರಿದಾಗಿದೆ, ಮನಸ್ಸು ಆಗಲೇ ಮುಂದಿನ ಹೊಲದಲ್ಲಿದೆ. ಅಲ್ಲಿ ತಂತಿ ಸಿಗುತ್ತದೆ.

ಇದು ಅಡಿಕೆ ಬೆಳೆಯುವ ಶಿರಸಿ–ಸಿದ್ದಾಪುರದವರಿಗೆ ದೂರದ ಮಾತೇನಲ್ಲ. ತೋಟದಲ್ಲಿ ದೋಟಿ ತಂತಿಗೆ ತಾಗಿ ಹೋಗುವ ಜೀವಗಳೂ ಹೆಚ್ಚಾಗಿ ಆ ತಂತಿಯನ್ನು ದಿನಾ ನೋಡುವವರದೇ. ನೋಟವೆಲ್ಲ ಅಡಿಕೆ ಕೊನೆಯ (ಗೊನೆಯ) ಮೇಲೆ ಇರುತ್ತದೆ, ದೋಟಿಯ ತುದಿ ಯಾವ ಕಡೆ ವಾಲಿತು ಎಂಬುದು ಲಕ್ಷ್ಯದಲ್ಲಿ ಇರುವುದಿಲ್ಲ. ಜೊತೆಗೊಂದು ತಪ್ಪು ನಂಬಿಕೆ ಬೇರೆ: ‘ಇದು ಫೈಬರ್ ದೋಟಿ, ಕರೆಂಟು ಹೊಡೆಯುವುದಿಲ್ಲ.’ ಕಾರ್ಬನ್ ಫೈಬರಿನಲ್ಲಿ ವಿದ್ಯುತ್ತು ಚೆನ್ನಾಗಿಯೇ ಹರಿಯುತ್ತದೆ. ಹರಿಯದೇ ಇರುವುದು ಗ್ಲಾಸ್ ಫೈಬರ್, ಅದೂ ಒಣಗಿದ್ದಾಗ. ನಾವು ಮದ್ದು ಹೊಡೆಯುವುದೇ ಮಳೆಗಾಲದಲ್ಲಿ.

ವಿಮಾನದಿಂದ ಮದ್ದು ಹೊಡೆಯುವ ಕೆಲಸ ಶುರುವಾದದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಒಹಾಯೋದಲ್ಲಿ. ಕಟಾಲ್ಪ ಮರಗಳ ಕಂಬಳಿಹುಳ ಕೊಲ್ಲಲು ಜಾನ್ ಮೆಕ್ರೆಡಿ ಎಂಬ ಸೇನಾ ಪೈಲಟ್ ಸೀಸದ ಆರ್ಸೆನೇಟ್ ಪುಡಿ ಎರಚಿದ. ಎರಡನೇ ಮಹಾಯುದ್ಧ ಮುಗಿದಾಗ ತರಬೇತಿಯ ಸ್ಟಿಯರ್‌ಮನ್ ವಿಮಾನಗಳು ಅಗ್ಗಕ್ಕೆ ಸಿಕ್ಕವು. ಮುಂದಿನ ಸೀಟು ಕಿತ್ತು ಅಲ್ಲಿ ಮದ್ದಿನ ಡಬ್ಬ ಕೂರಿಸಿದರು. ಬಿದ್ದು ಸತ್ತವರ ಬಗ್ಗೆ ಅಲ್ಲಿಯೂ ಜನ ಆಡಿದ್ದು ನಮ್ಮ ‘ಆಯುಷ್ಯ ಮುಗಿದಿತ್ತು’ ಎಂಬಂಥದೇ ಮಾತು.

ಆ ಮಾತನ್ನು ಒಪ್ಪದ ಒಬ್ಬನಿದ್ದ, ಹ್ಯೂ ಡಿಹೇವನ್. ಮೊದಲ ಮಹಾಯುದ್ಧದ ಕಾಲದ ತರಬೇತಿಯಲ್ಲಿ ವಿಮಾನಗಳು ಡಿಕ್ಕಿಯಾಗಿ ಬಿದ್ದು ಬದುಕಿದವನು. ತನ್ನ ಹೊಟ್ಟೆಯೊಳಗಿನ ಗಾಯ ಬೆಲ್ಟಿನ ಬಕಲ್‌ನಿಂದ ಆದದ್ದೆಂದು ಅವನಿಗೆ ಅನ್ನಿಸಿತು. 1942ರಲ್ಲಿ, 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರನ್ನು ಅಧ್ಯಯನ ಮಾಡಿ ಪ್ರಕಟಿಸಿದ. ದೇಹ ನಿಲ್ಲಲು ಕೆಲವೇ ಇಂಚು ಜಾಗ ಸಿಕ್ಕಿ, ಪೆಟ್ಟು ಮೈಯಿಡೀ ಹಂಚಿಹೋದರೆ ಮನುಷ್ಯ ನಂಬಲಾರದಷ್ಟು ತಡೆದುಕೊಳ್ಳುತ್ತಾನೆ. ತೆಂಗಿನಕಾಯಿ ಕಲ್ಲಿಗೆ ಬಿದ್ದರೆ ಒಡೆಯುತ್ತದೆ, ದರಕಿನ (ಒಣಗಿದ ಎಲೆಯ) ರಾಶಿಗೆ ಬಿದ್ದರೆ ಉಳಿಯುತ್ತದೆ. ಎರಡೂ ಕಡೆ ಮರದ ಎತ್ತರ ಅದೇ.

ಫ್ರೆಡ್ ವೀಕ್ ಎಂಬ ಎಂಜಿನಿಯರ್ ಈ ತತ್ತ್ವವನ್ನು ಮದ್ದಿನ ವಿಮಾನಕ್ಕೆ ತಂದ. ಅವನ ಎಜಿ-1 ಹಾರಿದ್ದು 1950ರಲ್ಲಿ. ಮುಂದೆ ಅದೇ ದಾರಿಯಲ್ಲಿ 1959ರ ಹೊತ್ತಿಗೆ ಪೈಪರ್ ಪಾನಿ ಬಂತು. ಮೊದಲು ಎಂಜಿನ್, ಅದರ ಹಿಂದೆ ಮದ್ದಿನ ಟ್ಯಾಂಕು, ಎಲ್ಲಕ್ಕಿಂತ ಹಿಂದೆ, ಎತ್ತರದಲ್ಲಿ ಪೈಲಟ್. ಮೂಗು ನೆಲಕ್ಕೆ ಹೊಡೆದರೆ ಮುಂಭಾಗ ಒಂದೊಂದಾಗಿ ನಜ್ಜುಗುಜ್ಜಾಗುತ್ತ ಪೆಟ್ಟನ್ನು ನುಂಗುತ್ತದೆ. ಭಾರದ ಟ್ಯಾಂಕು ಬೆನ್ನ ಹಿಂದಿದ್ದರೆ ಅದೇ ಬಂದು ಪೈಲಟ್‌ನನ್ನು ಅಪ್ಪಚ್ಚಿ ಮಾಡುತ್ತಿತ್ತು. ಭುಜದ ಪಟ್ಟಿ ಬಂತು. ಚಕ್ರದ ಕಾಲಿಗೂ ಗಾಜಿನ ನಡುವಿಗೂ ತಂತಿ ಕತ್ತರಿಸುವ ಹರಿತ ಅಂಚು ಬಂತು. ಕತ್ತರಿಸದೆ ಉಳಿದ ತಂತಿ ಬಾಲಕ್ಕೆ ಸಿಕ್ಕಿಕೊಳ್ಳದೆ ಜಾರಿಹೋಗಲಿ ಎಂದು ಕಾಕ್‌ಪಿಟ್ಟಿನ ನೆತ್ತಿಯಿಂದ ಬಾಲದ ತುದಿಗೆ ಉಕ್ಕಿನ ಹಗ್ಗ ಬಂತು. ಪಾನಿಯಲ್ಲೂ ಒಂದು ಎಡವಟ್ಟಿತ್ತು. ಮೊದಲ ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕು ಎಂಜಿನ್ನಿಗೂ ಮದ್ದಿನ ಟ್ಯಾಂಕಿಗೂ ನಡುವೆ, ಅಂದರೆ ಮೊದಲು ಮುರಿಯುವ ಜಾಗದಲ್ಲೇ ಇತ್ತು. ಆಮೇಲೆ ಅದನ್ನು ರೆಕ್ಕೆಗಳಿಗೆ ಸಾಗಿಸಿದರು. ನಮ್ಮ ಎಚ್‌ಎಎಲ್‌ನ ‘ಬಸಂತ್’ ಕೂಡ ಇದೇ ಜಾತಿಯದು. 1972ರಲ್ಲಿ ಹಾರಿತು, ನಲವತ್ತು ವಿಮಾನದ ಒಳಗೇ ತಯಾರಿಕೆ ನಿಂತಿತು.

ಹರಿತ ಅಂಚು ಕತ್ತರಿಸುವುದು ಊರೊಳಗಿನ ಸಣ್ಣ ಲೈನನ್ನು ಮಾತ್ರ. ಕೈಗಾದಿಂದ ಘಟ್ಟ ಹತ್ತಿ ಬರುವಂಥ ದೊಡ್ಡ ಲೈನಿಗೆ ಅದು ಸಾಟಿಯಲ್ಲ. ಅಂಥ ಗೋಪುರಗಳ ನೆತ್ತಿಯಲ್ಲಿ ಸಿಡಿಲಿಗೆಂದು ಎಳೆದ ಅರ್ತಿಂಗ್ ತಂತಿ ಇರುತ್ತದೆ. ಕೆಳಗಿನ ದಪ್ಪ ತಂತಿಗಳಿಗಿಂತ ಅದು ಸಣ್ಣದು. ದಪ್ಪದ್ದನ್ನು ನೋಡಿ ಮೇಲೇರಿದವನು ಇದಕ್ಕೆ ಬಡಿಯುತ್ತಾನೆ. ಅದಕ್ಕೇ ಪೈಲಟ್‌ಗಳಿಗೆ ಹೇಳಿಕೊಡುವ ಪಾಠ: ತಂತಿ ಹುಡುಕಬೇಡ, ಕಂಬ ಹುಡುಕು. ಮೊದಲು ಎತ್ತರದಲ್ಲಿ ಹೊಲಕ್ಕೆ ಸುತ್ತು ಹಾಕು, ಇನ್ಸುಲೇಟರ್ ಯಾವ ಕಡೆ ಮುಖ ಮಾಡಿದೆ ನೋಡು, ಒಂಟಿ ಕಂಬ ಕಂಡರೆ ಅದರ ಜೋಡಿ ಎಲ್ಲಿದೆ ಎಂದು ಕೇಳಿಕೋ, ದಾಟುವಾಗ ಕಂಬದ ನೆತ್ತಿಯ ಮೇಲೇ ದಾಟು.

ತಂತಿ ಬಿಟ್ಟರೆ ಇನ್ನೊಂದು ಗಂಡಾಂತರ ಹೊಲದ ತುದಿಯ ತಿರುವು. ವಿಮಾನವನ್ನು 60 ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿಸಿದರೆ ರೆಕ್ಕೆಗಳು ಹೊರಬೇಕಾದ ಭಾರ ಎರಡು ಪಟ್ಟಾಗುತ್ತದೆ. ನೇರ ಹಾರುವಾಗ ವೇಗ ಗಂಟೆಗೆ 100 ಕಿಲೋಮೀಟರಿಗೆ ಇಳಿದರೆ ಎತ್ತಿಹಿಡಿಯಲಾರದೆ ಕೈಕೊಡುವ ರೆಕ್ಕೆ ಇಲ್ಲಿ 141ಕ್ಕೆ ಇಳಿದಾಗಲೇ ಕೈಕೊಡುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ಸಿನ ಚಕ್ರ ಜಾರಿದರೆ ರಸ್ತೆಯಾದರೂ ಅಡಿಯಲ್ಲಿರುತ್ತದೆ. ಇಲ್ಲಿ ಚೇತರಿಸಿಕೊಳ್ಳಲು ಎತ್ತರವೇ ಇಲ್ಲ.

ಸುತ್ತ ಬೆಟ್ಟ, ನಡುವೆ ಕಣಿವೆ, ಕಣಿವೆಯಲ್ಲಿ 15–20 ಮೀಟರ್ ಅಡಿಕೆ ಮರ. ಇಂಥ ಕಡೆ ವಿಮಾನದ ಮಾತೇ ಬೇಡ. ಈಗ ಬಂದಿರುವುದು ಡ್ರೋನ್. ಪೈಲಟ್ ನೆಲದ ಮೇಲಿದ್ದಾನೆ, ಆದ್ದರಿಂದ ಅಪಾಯವಿಲ್ಲ ಎಂಬ ಉತ್ಸಾಹದಲ್ಲಿ ಹಳೆಯ ಪಾಠ ಮರೆಯುತ್ತಿದ್ದೇವೆ. ಕೊಳೆಮದ್ದು, ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದು, ತಲುಪಬೇಕಾದ್ದು ಹೆಡೆಗಳ (ಸೋಗೆಗಳ) ಕೆಳಗಿರುವ ಕೊನೆಗೆ. ಮೇಲಿನಿಂದ ಬಿದ್ದ ಹನಿಯಲ್ಲಿ ಬಹುಪಾಲನ್ನು ಹೆಡೆಯೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಇನ್ನೂ ಕೆಳಗೆ ಹಾರಿಸುವ ಆಸೆ ಹುಟ್ಟುತ್ತದೆ, ಕೆಳಗೆ ತಂತಿ ಇರುತ್ತದೆ. ಅಡೆತಡೆ ಗುರುತಿಸುವ ಡ್ರೋನ್‌ನ ರಾಡಾರಿಗೂ ಸಣ್ಣ ತಂತಿ ಸಿಗುವ ಭರವಸೆಯಿಲ್ಲ.

ಸಂಪರ್ಕ ತಪ್ಪಿದಾಗ ಡ್ರೋನ್ ತಾನಾಗಿ ಮರಳುವ ಎತ್ತರವನ್ನು ಮೊದಲೇ ತುಂಬಿರುತ್ತಾರೆ. ಸಾಮಾನ್ಯವಾಗಿ ಆ ಎತ್ತರದ ಲೆಕ್ಕ ಹೊರಟ ಜಾಗದಿಂದ. ಕಣಿವೆಯ ತಳದಿಂದ ಹಾರಿಸಿ 30 ಮೀಟರ್ ಎಂದು ತುಂಬಿದರೆ ಅಡಿಕೆ ಮರ ತಪ್ಪುತ್ತದೆ, ಸೊಪ್ಪಿನ ಬೆಟ್ಟದ ಮತ್ತಿ ಮರ ತಪ್ಪುವುದಿಲ್ಲ. ತೋಟದ ಅತಿ ಎತ್ತರದ ಅಂಚಿನಿಂದ ಹೊರಡಿಸುವುದು ಒಳ್ಳೆಯದು. ಡ್ರೋನ್ ತಂತಿಗೆ ಸಿಕ್ಕಿ ನೇತಾಡಿದರೆ ದೋಟಿ ಹಿಡಿದು ಬಿಡಿಸಲು ಹೋಗಬೇಡಿ, ಲೈನ್‌ಮನ್‌ಗೆ ಫೋನ್ ಮಾಡಿ.

ಮದ್ದು ಹೊಡೆಯಲು ಬಂದವರನ್ನು ಬೆಳಿಗ್ಗೆಯೇ ಬೇಲಿಗುಂಟ ನಡೆಸಿ ಪ್ರತಿ ಕಂಬವನ್ನೂ ತೋರಿಸುವವರು ಇದ್ದಾರೆ. ಅದು ಸರಿಯೇ. ಆದರೆ ಕೊನೆಯ ಟ್ಯಾಂಕು ತುಂಬುವ ಹೊತ್ತಿಗೆ, ಚಹಾ ಕುಡಿದು ಎಲ್ಲರೂ ಎದ್ದಾಗ, ಇನ್ನೊಮ್ಮೆ ಕೇಳಿ: ತಂತಿ ಎಲ್ಲಿದೆ? ಅವರು ಬೆರಳು ಮಾಡಿ ತೋರಿಸಿದ ಮೇಲೆ ಮೋಟಾರು ತಿರುಗಲಿ.