ಗಡಿಯ ಭಯ ಮತ್ತು ಗಡುವಿಲ್ಲದ ಕಾನೂನು

ಶಿವಮೊಗ್ಗದ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಬರುವ ಕಕ್ಷಿದಾರರಲ್ಲಿ ಹೆಚ್ಚಿನವರ ಚಿಂತೆ ಪಹಣಿ, ಬಗರ್‌ಹುಕುಂ ಅರ್ಜಿ, ಹಕ್ಕುಪತ್ರಗಳದ್ದು. ಚುನಾವಣೆ ಹತ್ತಿರ ಬಂದಾಗ ಅವರೇ ಕಡತವನ್ನು ಪಕ್ಕಕ್ಕಿಟ್ಟು, ಶತ್ರುಗಳು ದೇಶವನ್ನೇ ನುಂಗಲು ಹೊಂಚು ಹಾಕಿದ್ದಾರಂತಲ್ಲ ಸಾರ್, ನಿಜವೇ ಎಂದು ಕೇಳುತ್ತಾರೆ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದರೂ ಶರಾವತಿ ಕಣಿವೆಯಿಂದ ಎದ್ದುಬಂದ ಎಷ್ಟೋ ಕುಟುಂಬಗಳಿಗೆ ಭೂಮಿಯ ಹಕ್ಕು ಇನ್ನೂ ದಕ್ಕಿಲ್ಲ. ಅದಕ್ಕೆ ಉತ್ತರಿಸಬೇಕಾದ ಅಭ್ಯರ್ಥಿಗೆ ದೂರದ ಗಡಿಯ ಮಾತು ಬಹಳ ಅನುಕೂಲದ್ದು. ಶತ್ರುವಿನ ಬಗ್ಗೆ ಅವರು ಹೇಳಿದ್ದನ್ನು ಸಾಗರದಲ್ಲೋ ಹೊಸನಗರದಲ್ಲೋ ಕುಳಿತವರು ಪರೀಕ್ಷಿಸಿ ನೋಡುವಂತಿಲ್ಲ, ಅನುಮಾನಿಸಿದವರನ್ನು ಶತ್ರುವಿನ ಕಡೆಯವರೆಂದು ಜರೆಯುವುದಕ್ಕೆ ಹೊತ್ತು ಬೇಕಿಲ್ಲ.

ಹೊರಗಿನ ಅಪಾಯವೆಲ್ಲ ಕಟ್ಟುಕಥೆ ಎಂದು ನಾನು ಹೇಳುತ್ತಿಲ್ಲ. 1962ರಲ್ಲಿ ಚೀನಾದ ಸೇನೆ ನಿಜವಾಗಿಯೇ ಒಳನುಗ್ಗಿತ್ತು, ಆದ್ದರಿಂದ ಅಕ್ಟೋಬರ್ 26ರಂದು ತುರ್ತು ಪರಿಸ್ಥಿತಿ ಘೋಷಿಸಿದ್ದಕ್ಕೆ ಕಾರಣವಿತ್ತು. ಆದರೆ ನವೆಂಬರ್ 21ರಂದು ಚೀನಾ ಕದನವಿರಾಮ ಸಾರಿದ ಮೇಲೂ ಆ ಘೋಷಣೆ 1968ರ ಜನವರಿಯವರೆಗೆ ಜಾರಿಯಲ್ಲಿತ್ತು. ನಡುವೆ 1965ರ ಯುದ್ಧ ಬಂದದ್ದು ನಿಜವಾದರೂ, ಆ ಅಧಿಕಾರ ಯಾರ ಮೇಲೆ ಬಿತ್ತೆಂಬುದನ್ನು ನೋಡಬೇಕು. 1965ರ ಅಕ್ಟೋಬರ್‌ನಲ್ಲಿ ಕೇರಳದ ಒಬ್ಬ ಸೀಮೆಎಣ್ಣೆ ವ್ಯಾಪಾರಿಯನ್ನು, ಅಗತ್ಯ ವಸ್ತುಗಳ ಪೂರೈಕೆಗೆ ಅಡ್ಡಿ ಮಾಡುತ್ತಾನೆಂದು ಹೇಳಿ, ಆ ತುರ್ತು ಪರಿಸ್ಥಿತಿಯಲ್ಲಿ ಬಂದ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟರು. ಪೊಲೀಸ್ ಅಧಿಕಾರಿಯೊಬ್ಬರು ಈ ವರ್ತಕನ ವ್ಯಾಪಾರ ತಮ್ಮ ಸಂಬಂಧಿಕರ ಪಾಲಾಗಲೆಂದು ಸುಳ್ಳು ವರದಿ ಕೊಟ್ಟರೆಂಬುದು ಆತನ ದೂರಾಗಿತ್ತು. 1966ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿ ಆತನನ್ನು ಬಿಡುಗಡೆ ಮಾಡಿತು. ಹಿಮಾಲಯದ ಗಡಿಯ ಸಲುವಾಗಿ ಜನ ಒಪ್ಪಿಕೊಟ್ಟ ಅಧಿಕಾರ ಒಬ್ಬ ವರ್ತಕನ ಸೀಮೆಎಣ್ಣೆ ಡಿಪೋಗೆ ಬಂದು ಮುಟ್ಟಿತ್ತು. ನನ್ನ ಕಿರಿಯ ಸಹೋದ್ಯೋಗಿಗಳಿಗೆ ಈ ತೀರ್ಪನ್ನು ಓದಲೇಬೇಕೆಂದು ಹೇಳುತ್ತೇನೆ.

ಮುಂದೆ ಇದೇ ಕ್ರಮ ಇನ್ನೂ ದೊಡ್ಡದಾಗಿ ನಡೆಯಿತು. 1971ರ ಬಾಂಗ್ಲಾ ಯುದ್ಧಕ್ಕೆಂದು ಘೋಷಿಸಿದ ತುರ್ತು ಪರಿಸ್ಥಿತಿಯನ್ನು ಯುದ್ಧ ಗೆದ್ದ ಮೇಲೂ ಹಿಂತೆಗೆದುಕೊಂಡಿರಲಿಲ್ಲ. 1975ರ ಜೂನ್ 25ರಂದು ಆಂತರಿಕ ಕ್ಷೋಭೆಯ ಹೆಸರಿನಲ್ಲಿ ಎರಡನೆಯದನ್ನು ಅದರ ಮೇಲೆ ಹೇರಿದರು. ವಿದೇಶಿ ಕೈವಾಡವೆಂಬ ಮಾತು ಆ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬಂತು. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಡುತ್ತಿದ್ದ ಮೀಸಾ ಕಾಯ್ದೆಗೆ ತಿದ್ದುಪಡಿ ತಂದು, ಬಂಧಿತರಿಗೆ ಬಂಧನದ ಕಾರಣವನ್ನೂ ತಿಳಿಸಬೇಕಿಲ್ಲವೆಂದು ಮಾಡಿದರು. ಕಾರಣವೇ ಗೊತ್ತಿಲ್ಲದ ಆದೇಶವನ್ನು ವಕೀಲರು ಯಾವ ಆಧಾರದ ಮೇಲೆ ಪ್ರಶ್ನಿಸಬೇಕು? ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಮೀಸಾ ಬಂಧಿಯಾಗಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅವರ ಮೇಲಿನ ಯಾವ ಆರೋಪವೂ ರುಜುವಾತಾಗಿರಲಿಲ್ಲ.

1978ರ ಸಂವಿಧಾನದ 44ನೇ ತಿದ್ದುಪಡಿ ಇದಕ್ಕೊಂದು ಕಡಿವಾಣ ಹಾಕಿತು. ಆಂತರಿಕ ಕ್ಷೋಭೆಯ ಜಾಗದಲ್ಲಿ ಸಶಸ್ತ್ರ ಬಂಡಾಯವೆಂದು ಬರೆದದ್ದನ್ನು ಎಲ್ಲರೂ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ತುರ್ತು ಪರಿಸ್ಥಿತಿ ಮುಂದುವರಿಯಬೇಕಾದರೆ ಆರು ತಿಂಗಳಿಗೊಮ್ಮೆ ಸಂಸತ್ತಿನ ವಿಶೇಷ ಬಹುಮತ ಪಡೆಯಲೇಬೇಕೆಂಬ ನಿಯಮ. ಭಾಷಣ ಕೇಳಿಬಂದ ಕಕ್ಷಿದಾರರಿಗೂ ನಾನು ಇಷ್ಟನ್ನೇ ಹೇಳುತ್ತೇನೆ: ಅಪಾಯ ನಿಜವೋ ಸುಳ್ಳೋ ಎಂಬುದು ನಮಗೆ ತಿಳಿಯದಿರಬಹುದು, ಆದರೆ ಅದರ ಹೆಸರಿನಲ್ಲಿ ಕೇಳುತ್ತಿರುವ ಅಧಿಕಾರ ಎಂದು ಮುಗಿಯುತ್ತದೆ, ಯಾರು ಅದನ್ನು ಪರಿಶೀಲಿಸುತ್ತಾರೆ ಎಂದು ಮನೆ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ಕೇಳಿ.

ಈ ಪ್ರಶ್ನೆ ಯಾವುದೋ ಒಂದು ಪಕ್ಷದವರಿಗೆ ಮಾತ್ರ ಕೇಳುವಂಥದ್ದಲ್ಲ. ಪಂಜಾಬಿನ ಭಯೋತ್ಪಾದನೆಯ ಕಾಲದಲ್ಲಿ, 1985ರಲ್ಲಿ, ಎರಡು ವರ್ಷಕ್ಕೆಂದು ಬಂದ ಭಯೋತ್ಪಾದನೆ ತಡೆ ಕಾಯ್ದೆ ಟಾಡಾ 1995ರವರೆಗೆ ಉಳಿಯಿತು. 2002ರಲ್ಲಿ ಒಂದು ಸರ್ಕಾರ ತಂದ ಅದೇ ಬಗೆಯ ಕಾಯ್ದೆ ಪೋಟಾಕ್ಕೆ ಮೂರು ವರ್ಷದ ಗಡುವಾದರೂ ಇತ್ತು. 2004ರಲ್ಲಿ ಇನ್ನೊಂದು ಸರ್ಕಾರ ಅದನ್ನು ರದ್ದುಮಾಡಿತಾದರೂ ಅದರ ಮುಖ್ಯ ಭಾಗಗಳನ್ನು ಅದೇ ವರ್ಷ ಕಾನೂನುಬಾಹಿರ ಚಟುವಟಿಕೆಗಳನ್ನು ತಡೆಯುವ ಯುಎಪಿಎ ಕಾಯ್ದೆಗೆ ಸೇರಿಸಿತು. ಆ ಕಾಯ್ದೆಗೆ ಯಾವ ಗಡುವೂ ಇಲ್ಲ.